ಐದು ಕೆನ್ನೆಗಳ ಅಳತೆ ಹಿಡಿದು ಹಿಮದ ಊರಿಗೆ

ಮೂಡುಬಿದಿರೆ

ಫಿನ್ಲೆಂಡಿಗೆ ಹೋಗಿ ಬಂದವನು ಅಲ್ಲಿ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕಿನ ಬಗ್ಗೆ ಬರೆಯಬೇಕೆಂಬುದು ಓದುವವರ ನಿರೀಕ್ಷೆ. ನನಗೆ ಅದು ಕಾಣಲಿಲ್ಲ. ನಾವಿದ್ದಷ್ಟು ದಿನವೂ ಔಲು ಎಂಬ ಆ ಊರಿನ ಮೇಲೆ ಬೂದು ಮೋಡ ಕವುಚಿಕೊಂಡಿತ್ತು. ನಾನು ಅಲ್ಲಿ ನೋಡಿದ್ದು ಹೆಚ್ಚಾಗಿ ಜನರ ಬಾಯಿಯ ಒಳಭಾಗವನ್ನು. ನೋಡಿ ನೋಡಿ ತಲೆ ಕೆಟ್ಟದ್ದು ಹೇಗೆಂದು ಹೇಳಬೇಕಾದರೆ ನಮ್ಮ ಊರಿನಿಂದಲೇ ಶುರು ಮಾಡಬೇಕು.

ನಾನು ಮೂಡುಬಿದಿರೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ವಾಸಣ್ಣ, ಎಂದರೆ ವಾಸುದೇವ, ಅದೇ ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರೊಫೆಸರು. ನನಗಿಂತ ಹಿರಿಯರು, ದಿನಾ ಬಂಟ್ವಾಳದಿಂದ ಬಂದು ಹೋಗುವವರು, ಬರುವ ವರ್ಷ ನಿವೃತ್ತಿ. ನಾವಿಬ್ಬರೂ ಸೇರಿ ಕಾಲೇಜಿನ ಹಿಂಬದಿಯ ಒಂದು ಸಣ್ಣ ಕೋಣೆಯಲ್ಲಿ ಹಲವು ವರ್ಷ ಕೂತು ಒಂದು ಪೆಟ್ಟಿಗೆ ಮಾಡಿದ್ದೆವು. ಪೆಟ್ಟಿಗೆಯಿಂದ ಒಂದು ತೆಳ್ಳಗಿನ ಕೊಳವೆ ಹೊರಡುತ್ತದೆ, ಕೊಳವೆಯೊಳಗೆ ಕೂದಲಿನಷ್ಟು ಸಪೂರದ ಗಾಜಿನ ಎಳೆಗಳು. ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುತ್ತಾರಲ್ಲ, ಎಂಡೋಸ್ಕೋಪಿ, ಅದರ ಜೊತೆಗೆ ಇಳಿಯಬೇಕೆಂದು ಮಾಡಿದ್ದು.

ಎಂಡೋಸ್ಕೋಪಿನ ಸಾಮಾನ್ಯ ಬೆಳಕು ಮೇಲಿನ ಪದರದ ಬಣ್ಣವನ್ನು ಮಾತ್ರ ತೋರಿಸುತ್ತದೆ. ನಮ್ಮದು ಧ್ರುವೀಕೃತ ಬೆಳಕು. ಸಾಮಾನ್ಯ ಬೆಳಕು ಎಲ್ಲಾ ದಿಕ್ಕಿಗೂ ಅದುರುತ್ತಾ ಬರುತ್ತದೆ, ಇದು ಒಂದೇ ದಿಕ್ಕಿಗೆ ಅದುರುವಂಥದ್ದು. ಮೈಯ ಮೇಲ್ಪದರಕ್ಕೆ ತಾಗಿ ತಿರುಗಿ ಬಂದರೆ ಅದರ ದಿಕ್ಕು ಹಾಗೆಯೇ ಇರುತ್ತದೆ. ಒಳಗೆ ಹೋಗಿ ಅಲೆದು ಬಂದ ಬೆಳಕಿಗೆ ದಿಕ್ಕು ಮರೆತುಹೋಗಿರುತ್ತದೆ. ಒಳಗೆ ನಾರುಗಳು ಒತ್ತಾಗಿ, ಸಾಲಾಗಿ ಬೆಳೆದಿದ್ದರೆ ಅವು ಆ ದಿಕ್ಕನ್ನು ತಮ್ಮದೇ ರೀತಿಯಲ್ಲಿ ತಿರುಚಿ ಕಳಿಸುತ್ತವೆ. ಹೋದ ಬೆಳಕನ್ನೂ ಬಂದ ಬೆಳಕನ್ನೂ ಹೋಲಿಸಿದರೆ ಮಾಂಸವನ್ನು ಕೊಯ್ಯದೆಯೇ ಅದರ ಒಳಗಿನ ಸಮಾಚಾರ ಹೇಳಬಹುದು. ಒಂದೇ ತೊಂದರೆ, ಗಾಜಿನ ಎಳೆ ಬಾಗಿದರೆ ಅದೂ ದಿಕ್ಕನ್ನು ತಿರುಚುತ್ತದೆ. ವಾಸಣ್ಣ ಅದಕ್ಕೊಂದು ಉಪಾಯ ಮಾಡಿದರು. ದಿಕ್ಕು ಸೋಸುವ ಫಿಲ್ಮಿನ ಎರಡು ಚೂರು, ಎಳ್ಳಿನಷ್ಟು ಸಣ್ಣವು, ಕೊಳವೆಯ ತುದಿಗೇ ಅಂಟಿಸಿದರು. ಹೋಗುವ ಬೆಳಕಿಗೆ ಒಂದು, ಬರುವ ಬೆಳಕಿಗೆ ಒಂದು. ಹಾಗಾಗಿ ಹಿಂದೆ ಎಳೆ ಎಷ್ಟು ಬಾಗಿದರೂ ಬಾಧೆಯಿಲ್ಲ.

ಪರೀಕ್ಷೆಗೆ ಮಾಂಸ ಬೇಕು. ನಮ್ಮ ಕಾಲೇಜಿನ ಆವರಣದೊಳಗೆ ಮಾಂಸ ತರುವಂತಿಲ್ಲ. ಯಾರ ಅನುಮತಿಯೂ ಬೇಡದ, ಹಸಿಯಾದ, ಜೀವಂತ ಚರ್ಮ ಎಂದರೆ ನಮ್ಮದೇ ಕೆನ್ನೆಯ ಒಳಭಾಗ. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಕೋಣೆಯಲ್ಲಿ ಆರು ಮಂದಿ ಸೇರುವುದು ರೂಢಿ. ವಾಸಣ್ಣನ ಸ್ಟೀಲ್ ಡಬ್ಬಿ ಮೇಜಿನ ಮೇಲೆ ತೆರೆದುಕೊಳ್ಳುತ್ತದೆ. ವೀಳ್ಯದೆಲೆ, ಕತ್ತರಿಸಿದ ಅಡಿಕೆ, ಸುಣ್ಣ. ಹೊಗೆಸೊಪ್ಪಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ, ಅದರಲ್ಲಿ ವಾಸಣ್ಣ ಬಹಳ ಕಟ್ಟುನಿಟ್ಟು. ಎಲ್ಲರೂ ಒಟ್ಟಿಗೆ ಸಿಗುವ ಹೊತ್ತು ಅದೇ ಆದ್ದರಿಂದ ಅಳತೆಯನ್ನೂ ಆಗಲೇ ತೆಗೆದುಕೊಂಡೆವು. ಒಬ್ಬೊಬ್ಬರೇ ಬಾಯಿ ಮುಕ್ಕಳಿಸಿ ಬಂದು ಕೆನ್ನೆಯೊಳಗೆ ತುದಿ ಒತ್ತಿ ಹಿಡಿಯುವುದು.

ಐದು ಮಂದಿಯ ಅಳತೆ ಹೆಚ್ಚುಕಡಿಮೆ ಒಂದೇ ಕಡೆ ಬಂತು. ಆರನೆಯವಳು ಶಿಲ್ಪಾ, ಬಾಗಲಕೋಟೆ ಕಡೆಯಿಂದ ಹೊಸದಾಗಿ ಬಂದ ಲೆಕ್ಚರರ್. ವಾಸಣ್ಣನ ಡಬ್ಬಿಗೆ ನಕ್ಕು ಕೈಮುಗಿದು ದೂರ ಕೂರುವವಳು. ಅವಳ ಅಳತೆ ಎಲ್ಲರಿಗಿಂತ ತೀರಾ ಕೆಳಗೆ ಬಂತು. ಮತ್ತೆ ಮತ್ತೆ ತೆಗೆದರೂ ಅಷ್ಟೇ. ನಾಚಿಕೆಯಿಂದ ತುದಿಯನ್ನು ಸರಿಯಾಗಿ ಒತ್ತುತ್ತಿಲ್ಲ ಎಂದು ನಾನು ತೀರ್ಮಾನಿಸಿದೆ.

"ಬಿಡು ಮಾರಾಯ, ಅದು ಘಟ್ಟದ ಮೇಲಿನ ಬಾಯಿ, ನಮ್ಮ ಪೆಟ್ಟಿಗೆಗೆ ಅರ್ಥ ಆಗುದಿಲ್ಲ" ಎಂದರು ವಾಸಣ್ಣ. ಶಿಲ್ಪಾಳೂ ನಕ್ಕಳು. ಅವಳದ್ದನ್ನು ಬಿಟ್ಟು ಉಳಿದ ಐದು ಕೆನ್ನೆಗಳ ಅಳತೆಯನ್ನು 'ಸರಿ' ಎಂದು ಪೆಟ್ಟಿಗೆಗೆ ಕಲಿಸಿದೆವು. ಆ ಅಳತೆಯೊಳಗೆ ಬಂದರೆ ಹಸಿರು ದೀಪ, ಹೊರಗೆ ಹೋದರೆ ಕೆಂಪು.

ಬೆಳ್ತಂಗಡಿಯಲ್ಲಿ ನಮಗೆ ಪರಿಚಯದ ಒಬ್ಬ ಡಾಕ್ಟರಿದ್ದಾರೆ, ಎಂಡೋಸ್ಕೋಪಿ ಮಾಡುವವರು. ಅನುಮಾನ ಬಂದಲ್ಲೆಲ್ಲ ಮಾಂಸದ ಚೂರು ತೆಗೆದು ಮಂಗಳೂರಿಗೆ ಕಳಿಸಿ ಕಾಯಬೇಕು, ಎಲ್ಲಿ ತೆಗೆಯಬೇಕೆಂದು ಬೆಳಕೇ ಹೇಳುವುದಾದರೆ ಘಟ್ಟದ ಬುಡದ ಜನರಿಗೆ ದೊಡ್ಡ ಉಪಕಾರ ಎಂದು ಅವರು ಹೇಳುತ್ತಿದ್ದರು. ಆದರೆ ದೊಡ್ಡ ಕಡೆಯವರು ಯಾರಾದರೂ ನೋಡಿ ಒಪ್ಪದೆ ರೋಗಿಯ ಹತ್ತಿರ ತರಬೇಡಿ ಎಂದೂ ಹೇಳಿದ್ದರು. ಔಲುವಿನ ಒಂದು ಲ್ಯಾಬಿನಲ್ಲಿ ಇದೇ ಕೆಲಸ ನಡೆಯುತ್ತದೆ. ಬರೆದೆವು, ಬನ್ನಿ ಎಂದರು. ಅವರ ಯಂತ್ರವೂ ನಮ್ಮ ಪೆಟ್ಟಿಗೆಯೂ ಒಂದೇ ಮಾತು ಹೇಳಿದರೆ ಪೆಟ್ಟಿಗೆ ಬೆಳ್ತಂಗಡಿಗೆ ಹೋಗುತ್ತದೆ. ಇಲ್ಲದಿದ್ದರೆ ವಾಸಣ್ಣನ ನಿವೃತ್ತಿಯ ಜೊತೆಗೆ ಆ ಕೋಣೆಯೂ ಮುಚ್ಚಿ ಕಂಪ್ಯೂಟರುಗಳು ಬಂದು ಕೂರುತ್ತವೆ. ನಮಗೆ ಬೇಕಿದ್ದದ್ದು ಒಂದೇ ಮಾತು, ಪೆಟ್ಟಿಗೆ ಸರಿ ಉಂಟು ಎಂದು.

ಹೆಲ್ಸಿಂಕಿ, ವಿಮಾನ ನಿಲ್ದಾಣ

ಹೊರಡುವ ದಿನ ವಾಸಣ್ಣ ಫರಂಗಿಪೇಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಬಜಪೆಯ ವಿಮಾನ ನಿಲ್ದಾಣದಲ್ಲಿ ನನ್ನ ಪ್ರಾಣ ಬಾಯಿಗೆ ಬಂದ ಮೇಲೆ ಬೆವರುತ್ತಾ ಬಂದರು. ಅಲ್ಲಿಂದ ಮುಂದೆ ಎಲ್ಲವೂ ಸುಸೂತ್ರ. ಹೆಲ್ಸಿಂಕಿಯಲ್ಲಿ ಇಳಿದಾಗ ನನಗಿದ್ದ ಹೆದರಿಕೆ ಪೆಟ್ಟಿಗೆಯದ್ದು. ತಂತಿ, ಕೊಳವೆ, ಕೆಂಪು ದೀಪ ಎಲ್ಲ ಇರುವ ಕೈಯಲ್ಲಿ ಮಾಡಿದ ವಸ್ತು, ನೋಡಿದರೆ ಯಾರಿಗಾದರೂ ಸಂಶಯ ಬರಬೇಕು. ಉತ್ತರ ಕೊಡಲು ಕಾಗದಪತ್ರಗಳನ್ನೆಲ್ಲ ಎದೆಗೊತ್ತಿ ಹಿಡಿದಿದ್ದೆ.

ಅವರು ಪೆಟ್ಟಿಗೆಯನ್ನು ತಿರುಗಿಯೂ ನೋಡಲಿಲ್ಲ. ನಿಲ್ಲಿಸಿದ್ದು ವಾಸಣ್ಣನನ್ನು. ಅವರ ಬ್ಯಾಗಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು ಹೊರಗೆ ಬಂತು. ಅದರ ಹಿಂದೆ ಸುಣ್ಣದ ಸಣ್ಣ ಡಬ್ಬಿ. ಬಿಳಿ ಮುದ್ದೆಯನ್ನು ನೋಡಿದ ಅಧಿಕಾರಿಣಿ ಇನ್ನೊಬ್ಬರನ್ನು ಕರೆದಳು. ಅವರು ಮೂಸಿದರು. ಇದು ಮನೆಗೆ ಬಳಿಯುವ ಸುಣ್ಣದ ಜಾತಿಯದ್ದು, ಇದನ್ನು ಎಲೆಗೆ ಹಚ್ಚಿ ಅಡಿಕೆಯೊಂದಿಗೆ ತಿನ್ನುತ್ತೇವೆ ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಗೋಡೆಗೆ ಬಳಿಯುವುದನ್ನು ಏಕೆ ತಿನ್ನುತ್ತೀರಿ ಎಂದು ಅವಳು ಕೇಳಿದಾಗ ನನಗೆ ಮೊದಲ ಸಲ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಅನ್ನಿಸಿತು. ಊಟ ಚೆನ್ನಾಗಿ ಕರಗಲು ಎಂದು ಏನೋ ಹೇಳಿ ತಪ್ಪಿಸಿಕೊಂಡೆ.

ಎಲೆ ಹೋಯಿತು, ಸುಣ್ಣ ಹೋಯಿತು. ಅಡಿಕೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಮರದ ಚೂರೆಂದು ತಿಳಿದರೋ ಏನೋ, ವಾಪಸ್ಸು ಕೊಟ್ಟರು. ವಾಸಣ್ಣ ಅಲ್ಲೇ ಒಂದು ಹೋಳು ತೆಗೆದು ಎಡ ಕೆನ್ನೆಗೆ ಸೇರಿಸಿಕೊಂಡರು. ಆ ಕೆನ್ನೆ ಸ್ವಲ್ಪ ಉಬ್ಬಿಯೇ ಇರುತ್ತದೆ, ಅವರ ಗುರುತಿನ ಚೀಟಿಯ ಫೋಟೋದಲ್ಲಿಯೂ ಹಾಗೆಯೇ ಉಂಟು.

ಔಲು, ಬಸ್ ಸ್ಟಾಪು

ಔಲುವಿನಲ್ಲಿ ನನಗೆ ಮೊದಲು ಅರ್ಥವಾಗದೆ ಹೋದದ್ದು ಬಸ್ ಸ್ಟಾಪು. ಹಿಮ ಬೀಳುತ್ತಿತ್ತು, ನಿಲ್ಲಲು ಗಾಜಿನ ಒಳ್ಳೆಯ ಮಾಡು ಇತ್ತು. ಅದರೊಳಗೆ ಒಬ್ಬರೇ ಅಜ್ಜ. ಉಳಿದ ನಾಲ್ಕೈದು ಮಂದಿ ಹೊರಗೆ, ಹಿಮದಲ್ಲಿ, ಒಬ್ಬರಿಗೊಬ್ಬರು ಮಾರು ದೂರ ಬಿಟ್ಟು ನಿಂತಿದ್ದರು. ಜಗಳ ಮಾಡಿಕೊಂಡ ಸಂಸಾರದವರೆಂದು ನಾನು ಎಣಿಸಿದೆ. ನಾನು ಹೋಗಿ ಅಜ್ಜನ ಪಕ್ಕ ನಿಂತೆ. ಅಜ್ಜ ಸರಿದರು. ಹಿಮ ತಾಗುತ್ತದೆಂದು ಜಾಗ ಕೊಡುತ್ತಿದ್ದಾರೆ ಎಂದುಕೊಂಡು ನಾನೂ ಸರಿದೆ. ಅವರು ಮತ್ತೆ ಸರಿದರು. ಹೀಗೆ ಸರಿಯುತ್ತಾ ಕೊನೆಗೆ ಅವರು ಹೊರಗೆ ಹಿಮದಲ್ಲಿ, ನಾನು ಒಳಗೆ ಒಬ್ಬನೇ.

ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಇಷ್ಟು ಹೊತ್ತಿಗೆ ಮೂರು ಮಂದಿ ನನ್ನ ಊರು, ಕೆಲಸ, ಮಕ್ಕಳು ಎಲ್ಲ ವಿಚಾರಿಸಿ ಮುಗಿಸುತ್ತಿದ್ದರು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಲಿಫ್ಟಿನಲ್ಲಿ ಮಾತಿಲ್ಲ, ಬಸ್ಸಿನಲ್ಲಿ ಮಾತಿಲ್ಲ. ಇವರಿಗೆ ನಮ್ಮ ಮೇಲೆ ಎಂತದೋ ಕೋಪ ಉಂಟು ಎಂದು ವಾಸಣ್ಣ ಎರಡು ದಿನ ನಂಬಿದ್ದರು. ನನಗೂ ಹಾಗೆಯೇ ಅನ್ನಿಸಿ, ಕೆಲವರಿಗೆ ಸುಮ್ಮನೆ ಸಾರಿ ಹೇಳಿದ್ದೂ ಉಂಟು.

ಒಂದೇ ಸಮಾಧಾನ, ಇವರೂ ಚಪ್ಪಲಿ ಹೊರಗೆ ಬಿಡುವ ಜನ. ಮನೆಯಲ್ಲಿ ಮಾತ್ರವಲ್ಲ, ಲ್ಯಾಬಿನಲ್ಲಿಯೂ ಬಾಗಿಲ ಬಳಿ ಬೂಟುಗಳ ಸಾಲು. ಇನ್ನೊಂದು ವಿಶೇಷ ಎಂದರೆ ಊಟ. ನನಗೆ ಅಲ್ಲಿಯ ಸಪ್ಪೆ ಊಟ ಶಿಕ್ಷೆಯಾಯಿತು. ವಾಸಣ್ಣ ಮಾತ್ರ ಹಬ್ಬದಂತೆ ಉಂಡರು. ಕೆಲವು ವರ್ಷಗಳಿಂದ ಅವರಿಗೆ ಖಾರ ತಾಗಿದರೆ ಬಾಯಿ ಉರಿಯುತ್ತದೆ. ಹೊಟ್ಟೆಯ ಉಷ್ಣವೆಂದು ಮನೆಯಲ್ಲಿ ಅವರಿಗೆ ಬೇರೆಯೇ ಸಾಂಬಾರು. ಬನ್ನಿನ ನಡುವೆ ತರಕಾರಿ, ಚೀಸ್ ಇಟ್ಟು ಕೊಡುವ ದಪ್ಪ ತಿಂಡಿಯನ್ನು ಅವರು ಬಿಡಿಸಿ ಮೇಲಿನದ್ದು, ನಡುವಿನದ್ದು, ಕೆಳಗಿನದ್ದು ಎಂದು ಪದರ ಪದರವಾಗಿ ತಿನ್ನುತ್ತಿದ್ದರು. ಹೀಗೆ ತಿಂದರೆ ರುಚಿ ಗೊತ್ತಾಗುತ್ತದೆ ಎನ್ನುತ್ತಿದ್ದರು. ನಾನು ತಮಾಷೆ ಮಾಡುತ್ತಿದ್ದೆ.

ಲ್ಯಾಬು

ನಮ್ಮನ್ನು ಕರೆಸಿದವಳ ಹೆಸರು ಐನೊ. ನಲವತ್ತು ದಾಟಿದ ಹೆಂಗಸು, ಒಂದು ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಮ್ಮೂರಲ್ಲಿ ಇನ್ನೊಂದು ಪ್ರಶ್ನೆ ಕೇಳಿ ಮುಗಿಯುವಷ್ಟು ಹೊತ್ತು ಸುಮ್ಮನಿರುವವಳು. ಅವಳ ಯಂತ್ರ ಒಂದಿಡೀ ಮೇಜಿನ ತುಂಬ ಹರಡಿಕೊಂಡಿತ್ತು. ನಮ್ಮ ಪೆಟ್ಟಿಗೆಯನ್ನು ಅವಳು ಎತ್ತಿ, ತುದಿಯ ಫಿಲ್ಮ್ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದನ್ನು ಅಂಟಿಸಿದ ಕೈ ಯಾರದ್ದೆಂದು ಕೇಳಿದಳು. ವಾಸಣ್ಣ ಕೈ ತೋರಿಸಿದರು. ಅಷ್ಟೇ ಮಾತು. ಆ ದಿನವಿಡೀ ವಾಸಣ್ಣನ ಮುಖ ಅರಳಿಯೇ ಇತ್ತು.

ಮರುದಿನ ಪರೀಕ್ಷೆ. ಮೊದಲು ಐನೊ ತನ್ನ ಕೆನ್ನೆಯೊಳಗೆ ತುದಿ ಇಟ್ಟಳು. ಕೆಂಪು ದೀಪ. ಅವಳು ಬಾಯಿ ಮುಕ್ಕಳಿಸಿ ಮತ್ತೆ ಇಟ್ಟಳು. ಕೆಂಪು. ಅವಳ ಜೊತೆ ಕೆಲಸ ಮಾಡುವ ಗಂಟಲಿನ ಡಾಕ್ಟರ್ ಮಾರ್ಕ್ಕು ಬಂದು ಇಟ್ಟರು. ಕೆಂಪು. ಪಕ್ಕದ ಕೋಣೆಯಿಂದ ಬಂದವರೆಲ್ಲ ಒಬ್ಬೊಬ್ಬರೇ ಇಟ್ಟರು. ಎಲ್ಲರೂ ನಮ್ಮ 'ಸರಿ'ಗಿಂತ ತೀರಾ ಕೆಳಗೆ, ಎಲ್ಲರಿಗೂ ಕೆಂಪು. ನಾನು ಇಟ್ಟೆ, ಹಸಿರು. ವಾಸಣ್ಣ ಇಟ್ಟರು, ಹಸಿರು.

ನಮ್ಮೂರಲ್ಲಾದರೆ ಈ ಹೊತ್ತಿಗೆ ಹತ್ತು ಜನ ಹತ್ತು ಸಲಹೆ ಕೊಟ್ಟು, ಚಾ ತರಿಸಿ, ಯಾರಾದರೊಬ್ಬರು ನಗೆಚಟಾಕಿ ಹಾರಿಸಿ ಎದೆಯ ಭಾರ ಇಳಿಸುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ, ಏನೂ ಹೇಳಲಿಲ್ಲ. ಒಬ್ಬೊಬ್ಬರೇ ಸದ್ದಿಲ್ಲದೆ ಹೋದರು. ಆ ಮೌನದಲ್ಲಿ ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮುಂದಿನ ದಿನಗಳು ಗೊಂದಲದವು. ದಾರಿಯಲ್ಲಿ ಎಳೆಗೆ ಪೆಟ್ಟಾಗಿರಬೇಕೆಂದು ಕೊಳವೆಯನ್ನು ವಾಸಣ್ಣ ಮುಂಗೈಗೆ ಸುತ್ತಿ, ಬಿಚ್ಚಿ, ಗಂಟಿನಂತೆ ಮಾಡಿ ನೋಡಿದರು. ಅಳತೆ ಅಲ್ಲಾಡಲಿಲ್ಲ. ಚಳಿಗೆ ಹೀಗಾಯಿತೆಂದು ಪೆಟ್ಟಿಗೆಗೆ ನನ್ನ ಮಫ್ಲರ್ ಹೊದೆಸಿ ಹೀಟರಿನ ಪಕ್ಕ ಕೂರಿಸಿದೆವು. ಪೆಟ್ಟಿಗೆ ಬೆಚ್ಚಗಾಯಿತು, ದೀಪ ಕೆಂಪೇ. ಇವರು ಬೆಳಗಿನಿಂದ ಸಂಜೆಯವರೆಗೆ ಕುಡಿಯುವ ಕಾಫಿಯ ಮೇಲೆ ನನಗೆ ಸಂಶಯ ಬಂತು. ಐನೊ ಪಾಪ, ಒಂದು ದಿನ ಕಾಫಿ ಬಿಟ್ಟಳು. ಆ ದಿನ ಅವಳ ಮುಖ ನೋಡಲಾಗಲಿಲ್ಲ, ಅಳತೆಯೂ ಬದಲಾಗಲಿಲ್ಲ. ಕೊನೆಗೆ ಹೇಳಲು ಮುಜುಗರಪಡುತ್ತಾ, ಬಿಳಿಯರ ಚರ್ಮಕ್ಕೂ ನಮ್ಮ ಚರ್ಮಕ್ಕೂ ವ್ಯತ್ಯಾಸವಿರಬಹುದೇ ಎಂದು ಕೇಳಿದೆ. ಒಂದೇ ಬೆಳಕಿನ ಎರಡು ಪಾಲನ್ನು ಹೋಲಿಸುವಾಗ ಬಣ್ಣದ ಲೆಕ್ಕ ಹೆಚ್ಚುಕಡಿಮೆ ಹೊರಟುಹೋಗುತ್ತದೆ ಎಂದು ಅವಳು ನೆನಪಿಸಿದಳು. ಅದನ್ನು ತರಗತಿಯಲ್ಲಿ ನಾನೇ ಪ್ರತಿವರ್ಷ ಹೇಳುತ್ತೇನೆ.

ಕಡಲ ಮೇಲೆ

ಭಾನುವಾರ ಐನೊ ನಮ್ಮನ್ನು ಕಡಲಿನ ಮೇಲೆ ನಡೆಯಲು ಕರೆದುಕೊಂಡು ಹೋದಳು. ಅದು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಜನ ನಾಯಿ ಹಿಡಿದುಕೊಂಡು, ಮಕ್ಕಳನ್ನು ಎಳೆದುಕೊಂಡು, ಸೈಕಲಿನಲ್ಲಿ ಕೂಡ ಅದರ ಮೇಲೆ ಹೋಗುತ್ತಿದ್ದರು. ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಯಲಿಲ್ಲ. ನಾನು ನಿಂತಿರುವುದು ಕಡಲಿನ ಮೇಲೆಯೇ ಎಂದು ಗೊತ್ತಾದದ್ದು ಐನೊ ಹೇಳಿದ ಮೇಲೆ.

ವಾಸಣ್ಣ ದಡದಲ್ಲಿಯೇ ನಿಂತರು. ಬೇಸಗೆಯಲ್ಲಿ ಬಂಟ್ವಾಳದ ಹತ್ತಿರ ನೀರಿಳಿದ ನೇತ್ರಾವತಿಯ ಮರಳಿನ ಮೇಲೆ ನಡೆದುಕೊಂಡೇ ಎಷ್ಟೋ ಸಲ ದಾಟಿದ ಮನುಷ್ಯ. ಬನ್ನಿ, ಎಲ್ಲರೂ ನಡೆಯುತ್ತಿದ್ದಾರಲ್ಲ ಎಂದು ಕರೆದೆ.

"ಅಲ್ಲಿ ಅಡಿ ಕಾಣ್ತದೆ ಮಾರಾಯ" ಎಂದರು. "ಇಲ್ಲಿ ಮೇಲೆ ಚಂದ ಉಂಟು. ಅಡಿಯಲ್ಲಿ ಎಂತ ಉಂಟೂಂತ ಯಾರಿಗೆ ಗೊತ್ತು?"

ಸ್ವಲ್ಪ ದೂರದಲ್ಲಿ ಒಬ್ಬ ಮನುಷ್ಯ ಹಿಮಗಡ್ಡೆಗೆ ತೂತು ಕೊರೆದು ಗಾಳದ ಸಣ್ಣ ಕೋಲು ಹಿಡಿದು ಕೂತಿದ್ದ. ಐನೊ ವಾಸಣ್ಣನನ್ನು ಕೈಹಿಡಿದು ಅಲ್ಲಿಗೆ ಕರೆತಂದು ತೂತನ್ನು ತೋರಿಸಿದಳು. ಗಡ್ಡೆಯ ದಪ್ಪ ಮೊಣಕೈವರೆಗೆ ಇತ್ತು. ಅದನ್ನು ನೋಡಿದ ಮೇಲೆ ವಾಸಣ್ಣನಿಗೆ ಧೈರ್ಯ ಬಂತು. ಗಾಳದವನು ನಮ್ಮನ್ನು ತಲೆಯೆತ್ತಿಯೂ ನೋಡಲಿಲ್ಲ, ನಾವು ಹೊರಟಾಗ ಮಾತ್ರ ತಲೆಯಲ್ಲಾಡಿಸಿದ.

ತಿರುಗಿ ಬರುವಾಗ ವಾಸಣ್ಣ ನನ್ನೊಡನೆ ಹಿಂದುಳಿದರು. ಪೆಟ್ಟಿಗೆಯ ಮಾತು ಅವರೇ ತೆಗೆದರು.

"ಇವರು ಮರ್ಯಾದೆಯವರು, ಬಾಯಿಬಿಟ್ಟು ಹೇಳುದಿಲ್ಲ. ಪೆಟ್ಟಿಗೆ ಸರಿ ಇಲ್ಲದಿದ್ರೆ ನೀನು ಹೇಳಿಬಿಡು. ಆ ಡಾಕ್ಟ್ರಿಗೆ ಸುಳ್ಳು ಸಾಮಾನು ಕೊಟ್ಟು ನಾನು ಬಂಟ್ವಾಳದಲ್ಲಿ ಆರಾಮ ಕೂರ್ಲಿಕ್ಕೆ ಆಗುದಿಲ್ಲ."

ನನಗೆ ಅಳು ಬಂದಂತಾಯಿತು, ಚಳಿಗೆ ಕಣ್ಣಲ್ಲಿ ನೀರು ಬರುವುದು ಅಲ್ಲಿ ಸಹಜವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಕ್ಯಾಂಟೀನು

ಸೋಮವಾರ ಐನೊ ಅದುವರೆಗೆ ಮಾಡದಿದ್ದ ಒಂದು ಕೆಲಸ ಮಾಡಿದಳು. ನಮ್ಮಿಬ್ಬರ ಕೆನ್ನೆಯನ್ನೂ ತನ್ನ ದೊಡ್ಡ ಯಂತ್ರದಲ್ಲಿ ನೋಡಿದಳು. ಅವರ ಮಂದಿಯದ್ದು ಆಗಲೇ ನೋಡಿ ಆಗಿತ್ತು. ಪರದೆಯ ಮೇಲೆ ಅವರ ಕೆನ್ನೆ ಮಬ್ಬಾಗಿ, ಹತ್ತಿ ಚೆಲ್ಲಿದಂತೆ ಇತ್ತು. ನನ್ನದರಲ್ಲಿ ಅಲ್ಲಲ್ಲಿ ಗೆರೆಗಳು. ವಾಸಣ್ಣನ ಎಡಗೆನ್ನೆಯ ಚಿತ್ರದಲ್ಲಿ ಬಾಚಿದ ಕೂದಲಿನಂತೆ ಒತ್ತೊತ್ತಾದ ನಾರು. ಎಷ್ಟು ಸ್ಪಷ್ಟ ಎಂದು ನಾನು ಖುಷಿಪಟ್ಟೆ. ಐನೊ ಖುಷಿಪಡಲಿಲ್ಲ. ಚಿಕ್ಕಂದಿನಲ್ಲಿ ನಿಮ್ಮಿಬ್ಬರಿಗೂ ಬಾಯಿ ಸುಟ್ಟಿತ್ತೇ ಎಂದು ಕೇಳಿದಳು. ಇಲ್ಲವೆಂದೆ. ಇದೇನು ಪ್ರಶ್ನೆ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡಾಕ್ಟರ್ ಮಾರ್ಕ್ಕು ನಮ್ಮ ಎದುರು ಕೂತಿದ್ದರು. ವಾಸಣ್ಣ ಎಂದಿನಂತೆ ಬನ್ನನ್ನು ಬಿಡಿಸಿ ಪದರ ಪದರವಾಗಿ ತಿನ್ನತೊಡಗಿದರು. ಮಾರ್ಕ್ಕು ತಿನ್ನುವುದನ್ನು ನಿಲ್ಲಿಸಿ ಅದನ್ನೇ ನೋಡಿದರು. ಆಮೇಲೆ, ದಯವಿಟ್ಟು ಬಾಯಿ ತೆರೆಯಿರಿ ಎಂದರು. ವಾಸಣ್ಣ ತೆರೆದರು. ಇನ್ನೂ ಅಗಲ ಎಂದರು. ಅಷ್ಟೇ ಆಗುವುದು ಎಂದು ವಾಸಣ್ಣ ಕೈಸನ್ನೆ ಮಾಡಿದರು. ಮಾರ್ಕ್ಕು ತಮ್ಮ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ತಮ್ಮದೇ ಬಾಯೊಳಗೆ ನಿಲ್ಲಿಸಿ ತೋರಿಸಿದರು. ನಾನೂ ಮಾಡಿದೆ, ನನಗೆ ಮೂರು ಬೆರಳು ಹಿಡಿಯಿತು. ವಾಸಣ್ಣನಿಗೆ ಎರಡೇ ಹಿಡಿಯಿತು, ಅದೂ ಕಷ್ಟದಲ್ಲಿ. ಪಕ್ಕದ ಮೇಜಿನವರು ಮಾತ್ರ ಅಭ್ಯಾಸದಂತೆ ಏನನ್ನೂ ನೋಡದವರ ಹಾಗೆ ಕೂತಿದ್ದರು.

ಮಾರ್ಕ್ಕು ಕಿಸೆಯ ಟಾರ್ಚು ಹಾಕಿ ಕೆನ್ನೆಯೊಳಗೆ ನೋಡಿ, ಅಲ್ಲಿ ಏನು ಇಟ್ಟುಕೊಂಡಿದ್ದೀರಿ ಎಂದು ಕೇಳಿದರು. ವಾಸಣ್ಣ ಉತ್ತರವಾಗಿ ಅಡಿಕೆಯ ಡಬ್ಬಿಯನ್ನು ತೆರೆದು, ಬಹಳ ಆದರದಿಂದ ಒಂದು ಹೋಳು ಅವರ ಕೈಗೆ ಕೊಟ್ಟರು. ತಿನ್ನಲಿ ಎಂದು. ಮಾರ್ಕ್ಕು ಅದನ್ನು ಅಂಗೈಯಲ್ಲಿಟ್ಟುಕೊಂಡು ಎದ್ದು ಹೋದರು. ಇವರಿಗೆ ಬೇಸರವಾಯಿತೋ ಏನೋ ಎಂದು ನಾವು ಅಲ್ಲೇ ಕೂತೆವು.

ಐನೊಳನ್ನು ಕಂಡು ಅವರು ತಿರುಗಿ ಬಂದಾಗ ಕುರ್ಚಿಯನ್ನು ಎಳೆದು ನಮ್ಮಿಬ್ಬರ ನಡುವೆ, ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಆ ಊರಿನಲ್ಲಿ ಯಾರೂ ನಮ್ಮ ಅಷ್ಟು ಹತ್ತಿರ ಬಂದಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ನಿಮ್ಮ ಪೆಟ್ಟಿಗೆ ಸುಳ್ಳು ಹೇಳಿಲ್ಲ" ಎಂದರು. "ಐನೊಳ ಯಂತ್ರ ಏನು ಹೇಳಿತೋ ಪ್ರತಿಯೊಂದು ಬಾಯಿಗೂ ಅದನ್ನೇ ಅಳೆದಿದೆ."

"ಹಾಗಾದರೆ ನಿಮಗೆಲ್ಲ ಕೆಂಪು ದೀಪ ಏಕೆ?" ಎಂದು ಕೇಳಿದೆ.

"ನೀವು ಯಾರ ಬಾಯಿಯನ್ನು ನೋಡಿ ಹಸಿರು ಎಂದು ಇಟ್ಟಿರಿ?"

ಊಟವಾದ ಮೇಲಿನ ನಮ್ಮ ಮೇಜು, ಅದರ ಮೇಲೆ ತೆರೆದ ಸ್ಟೀಲ್ ಡಬ್ಬಿ, ಸುತ್ತ ಕೂತು ಜಗಿಯುವ ನಾವು ಐದು ಮಂದಿ ಕಣ್ಣೆದುರು ಬಂದೆವು. ನಕ್ಕು ಕೈಮುಗಿದು ದೂರ ಕೂತ ಶಿಲ್ಪಾ ಬಂದಳು. ಅವಳ ಅಳತೆ ಎಷ್ಟಿತ್ತೆಂದು ನನಗೆ ನೆನಪಿತ್ತು. ಅದು ಐನೊಳ ಅಳತೆಯ ಹತ್ತಿರವೇ ಇತ್ತು.

ಮಾರ್ಕ್ಕು ಮುಂದೆ ಹೇಳಿದ್ದನ್ನು ನಾನು ವಾಸಣ್ಣನಿಗೆ ತುಳುವಿನಲ್ಲಿ ಹೇಳಬೇಕಾಯಿತು. ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ, ಆ ಹೊತ್ತಿಗೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಅಡಿಕೆ ಜಗಿಯುವವರ ಕೆನ್ನೆಯೊಳಗೆ ನಿಧಾನಕ್ಕೆ ನಾರು ಕೂಡಿಕೊಳ್ಳುತ್ತದೆ, ನಾರು ಹೆಚ್ಚಿದಷ್ಟೂ ಪೆಟ್ಟಿಗೆಯ ಅಳತೆ ಮೇಲೇರುತ್ತದೆ. ಮೊದಲು ಖಾರ ಉರಿಯುತ್ತದೆ, ಆಮೇಲೆ ಕೆನ್ನೆ ಬಿಗಿಯುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಆದದ್ದು ಪೂರ್ತಿ ಹಿಂದೆ ಹೋಗುವುದಿಲ್ಲ. ಕೆಲವರಿಗೆ ಮುಂದೆ ಅದು ಕೆಟ್ಟ ಕಾಯಿಲೆಗೆ ತಿರುಗಬಹುದು. ಇವತ್ತೇ ಬಿಟ್ಟು, ತಪ್ಪದೆ ಡಾಕ್ಟರಿಗೆ ತೋರಿಸುತ್ತಾ ಇದ್ದರೆ ಮುಂದುವರಿಯದಂತೆ ತಡೆಯುವ ಅವಕಾಶವಿದೆ. ಹೇಳುವಾಗ ನನ್ನ ಕೆನ್ನೆಯ ಗೆರೆಗಳ ನೆನಪೂ ಜೊತೆಗೇ ಬರುತ್ತಿತ್ತು.

ವಾಸಣ್ಣ ಬಿಡಿಸಿಟ್ಟ ಬನ್ನಿನ ತಟ್ಟೆಯನ್ನು ದೂರ ಸರಿಸಿದರು.

"ನಾನು ಹೊಗೆಸೊಪ್ಪು ಹಾಕುದಿಲ್ಲಾಂತ ಅವರಿಗೆ ಹೇಳಿದಿಯಾ?" ಎಂದು ಕೇಳಿದರು.

ಹೇಳಿದೆ. ಹೊಗೆಸೊಪ್ಪು ಬೇಕಾಗಿಲ್ಲ, ಅಡಿಕೆಯೊಂದೇ ಸಾಕು ಎಂದರು ಮಾರ್ಕ್ಕು.

ಸಂಜೆ ಐನೊ ನಮ್ಮ ಪೆಟ್ಟಿಗೆಯ ಬಗ್ಗೆ ಬರೆದುಕೊಟ್ಟಳು, 'ಸರಿ'ಯ ಅಳತೆಯನ್ನು ಹೊಸದಾಗಿ ಇಟ್ಟರೆ ಇದು ನಂಬಬಹುದಾದ ಉಪಕರಣ ಎಂದು. ಯಾವ ಮಾತಿಗಾಗಿ ಭೂಮಿಯ ಆ ತುದಿಗೆ ಹೋಗಿದ್ದೆವೋ ಅದು ಸಿಕ್ಕಿತು. ಸಂತೋಷಪಡಬೇಕೋ ಬೇಡವೋ ಎಂದು ನನಗೆ ತಿಳಿಯದೆ, ಆ ಕಾಗದವನ್ನು ವಾಸಣ್ಣನಿಗೆ ತೋರಿಸಲೂ ಆಗದೆ ಬ್ಯಾಗಿನಲ್ಲಿಟ್ಟೆ.

ಔಲು ಬಿಡುವಾಗ

ಆ ದೇಶದಲ್ಲಿ ಕಸದ ಡಬ್ಬಿ ಎಂದರೆ ಒಂದಲ್ಲ. ಕಾಗದಕ್ಕೆ, ಪ್ಲಾಸ್ಟಿಕ್ಕಿಗೆ, ಗಾಜಿಗೆ, ತಿಂಡಿಯ ಉಳಿಕೆಗೆ ಬೇರೆ ಬೇರೆ. ಕೊನೆಯ ದಿನ ವಸತಿಗೃಹದ ಅಂಗಳದಲ್ಲಿ ವಾಸಣ್ಣ ಅಡಿಕೆಯ ಡಬ್ಬಿ ಹಿಡಿದು ಆ ಸಾಲಿನ ಎದುರು ನಿಂತಿದ್ದರು. ಇದು ಯಾವುದಕ್ಕೆ ಬೀಳಬೇಕೆಂದು ನನ್ನನ್ನು ಕೇಳಿದರು. ತಿನ್ನುವ ವಸ್ತುವೋ ಅಲ್ಲವೋ ಎಂದು ನನಗೂ ಹೇಳಲಾಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು, ಆ ಊರಿನವರು ಎಂದೂ ಮಾಡದ ಹಾಗೆ, ತಾವೇ ಹತ್ತಿರ ಬಂದು ಡಬ್ಬಿಯೊಳಗೆ ಇಣುಕಿ ತಿಂಡಿಯ ಉಳಿಕೆಯ ತೊಟ್ಟಿಯನ್ನು ತೋರಿಸಿದರು. ವಾಸಣ್ಣ ಅಡಿಕೆಯನ್ನು ಅದಕ್ಕೆ ಸುರಿದು, ಖಾಲಿ ಡಬ್ಬಿಯನ್ನು ತೊಳೆದು ಬ್ಯಾಗಿಗೆ ಹಾಕಿಕೊಂಡರು. ವಿಮಾನದಲ್ಲಿ ಇಡೀ ದಾರಿ ಅವರ ನಾಲಿಗೆ ಎಡಗೆನ್ನೆಯ ಕಡೆಗೆ ಹೋಗಿ ಹೋಗಿ ಬರುತ್ತಿತ್ತು.

ಮತ್ತೆ ಮೂಡುಬಿದಿರೆ

ಮರಳಿದ ಮೇಲೆ ಮೊದಲ ಮಧ್ಯಾಹ್ನ ಎಲ್ಲರೂ ಊಟ ಮುಗಿಸಿ ನಮ್ಮ ಕೋಣೆಗೆ ಬಂದರು. ಸ್ಟೀಲ್ ಡಬ್ಬಿ ತೆರೆಯಲಿ ಎಂದು ಕಾದರು. ವಾಸಣ್ಣ ಡಬ್ಬಿಯ ಬದಲು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಆದದ್ದನ್ನೆಲ್ಲ ನಾನು ಹೇಳಿದೆ. ಕೆಲವರು ನಂಬಲಿಲ್ಲ. ಒಬ್ಬರು, ನಮ್ಮ ಅಜ್ಜ ತೊಂಬತ್ತರವರೆಗೆ ಜಗಿದಿದ್ದರು ಎಂದರು.

ವಾಸಣ್ಣ ಶಿಲ್ಪಾಳನ್ನು ಕರೆದು ಎದುರು ಕೂರಿಸಿದರು. ಅವಳು ಬಾಯಿ ಮುಕ್ಕಳಿಸಿ ಬಂದು ತುದಿಯನ್ನು ಕೆನ್ನೆಯೊಳಗೆ ಇಟ್ಟುಕೊಂಡಳು. ಕೆಂಪು ದೀಪ ಹೊತ್ತಿತು. ಅವಳು ಗಾಬರಿಯಿಂದ ತುದಿ ತೆಗೆದು, "ಈ ಸಲಾನೂ ಬರೋಬರಿ ಹಿಡೀಲಿಲ್ಲೇನ್ರಿ ಸರ್?" ಎಂದು ಕೇಳಿದಳು.

"ಆ ದಿನವೂ ನೀನು ಸರಿಯೇ ಹಿಡಿದಿದ್ದಿ ಮಗಾ" ಎಂದರು ವಾಸಣ್ಣ. "ಇನ್ನೊಂದು ಸಲ ಇಡು."

ಅವಳು ಇಟ್ಟಳು. ವಾಸಣ್ಣ ಸಣ್ಣ ಸ್ಕ್ರೂಡ್ರೈವರಿನಿಂದ ಪೆಟ್ಟಿಗೆಯ ಬದಿಯಲ್ಲಿ 'ಸರಿ'ಯ ಅಳತೆ ಹೊಂದಿಸುವ ತಿರುಪನ್ನು ನಿಧಾನವಾಗಿ ತಿರುಗಿಸಿದರು. ಕೆಂಪು ಆರಿ ಹಸಿರು ಬಂತು. ಅಲ್ಲಿಗೆ ತಿರುಪನ್ನು ನಿಲ್ಲಿಸಿದರು. ಒಂದು ಬಾಯಿ ಸಾಕಾಗದು, ಜಗಿಯದ ಇನ್ನೂ ಹಲವರನ್ನು ಹುಡುಕಬೇಕು ಎಂದು ನನಗೆ ಹೇಳಿದರು. ಆಮೇಲೆ ತುದಿಯನ್ನು ಒರೆಸಿ, ಸ್ಪಿರಿಟ್ ಹಚ್ಚಿ, ತಮ್ಮದೇ ಎಡಗೆನ್ನೆಯೊಳಗೆ ಇಟ್ಟುಕೊಂಡರು.

ಕೆಂಪು ದೀಪ ಹೊತ್ತಿತು. ವಾಸಣ್ಣ ಅದನ್ನು ನೋಡಿದರು. ಆಮೇಲೆ ತುದಿಯನ್ನು ಬಾಯಿಂದ ತೆಗೆದು ನನ್ನ ಕಡೆಗೆ ತಿರುಗಿದರು.

"ಬೆಳ್ತಂಗಡಿ ಡಾಕ್ಟ್ರಿಗೆ ಫೋನ್ ಮಾಡು" ಎಂದರು. "ಪೆಟ್ಟಿಗೆ ಸರಿ ಉಂಟು."